ಮನೆಯಲ್ಲಿ ಪರಿಸರಸ್ನೇಹಿ ಪಾರ್ಟಿ: ತಟ್ಟೆಯಿಂದ ಕೇಕಿನವರೆಗೆ ಸಮಗ್ರ ಮಾರ್ಗದರ್ಶಿ

ಪರಿಸರಸ್ನೇಹಿ ಪಾರ್ಟಿ ಮಾಡೋಣ ಅಂತ ತೀರ್ಮಾನವಾದ ಕೂಡಲೇ ಹೆಚ್ಚಿನವರು ಮೊದಲು ಅಂಗಡಿಗೆ ಹೋಗುತ್ತಾರೆ. ಬಿದಿರಿನ ತಟ್ಟೆ, ಕಾಗದದ ಸ್ಟ್ರಾ, ಎಲೆಯ ಚಿತ್ರ ಇರುವ ಪ್ಯಾಕೆಟ್ಟು ಎಲ್ಲ ಬುಟ್ಟಿ ಸೇರುತ್ತವೆ. ಹಾಗೆ ಮಾಡಬೇಡಿ. ಹಸಿರು ಪ್ಯಾಕೆಟ್ಟಿನಲ್ಲಿ ಬಂದದ್ದೆಲ್ಲ ಒಳ್ಳೆಯದೇ ಆಗಿರಬೇಕೆಂದಿಲ್ಲ. ಒಳ್ಳೆಯದೇ ಆದರೂ, ಮನೆಯಲ್ಲಿ ಆಗಲೇ ಇರುವ ತಟ್ಟೆಯ ಮುಂದೆ ಅದು ಹೊಸ ಕಸವೇ.

ಅಂಗಡಿಗೆ ಹೋಗುವ ಮುಂಚೆ ಪ್ರತಿ ಸಾಮಾನಿನ ಬಗ್ಗೆ ಎರಡು ಪ್ರಶ್ನೆ ಕೇಳಿಕೊಳ್ಳಿ. ಇದು ಯಾರ ಬಾಯಿಗಾದರೂ, ಮೈಗಾದರೂ ತಾಗುತ್ತಾ? ಪಾರ್ಟಿ ಮುಗಿದ ಮಾರನೇ ದಿನ ಇದು ಎಲ್ಲಿಗೆ ಹೋಗುತ್ತೆ? ಬಾಯಿಗೆ, ಮೈಗೆ ತಾಗುವ ವಸ್ತುವಾದರೆ ಅದನ್ನು ಯಾವುದರಿಂದ ಮಾಡಿದ್ದಾರೆ ಅಂತ ತಿಳಿದೇ ತರಬೇಕು. ನೇರ ಕಸದ ಡಬ್ಬಿಗೆ ಹೋಗುವ ವಸ್ತುವಾದರೆ ಅದು ಬೇಕೇ ಬೇಕಾ ಅಂತ ಇನ್ನೊಮ್ಮೆ ಯೋಚಿಸಬೇಕು. ಇಷ್ಟು ಮಾಡಿದರೆ ಪಟ್ಟಿ ತಾನಾಗಿಯೇ ಅರ್ಧ ಆಗುತ್ತದೆ.

1. ಮೊದಲು ತಲೆ ಎಣಿಸಿ

ಪಾರ್ಟಿ ಕಸ ಅಂದರೆ ನಮ್ಮ ಕಣ್ಣಿಗೆ ಕಾಣುವುದು ಪ್ಲಾಸ್ಟಿಕ್. ಆದರೆ ತಟ್ಟೆಯಲ್ಲಿ ಉಳಿದ ಊಟವೂ ಸಣ್ಣ ವಿಷಯವಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಕೊಟ್ಟ ಲೆಕ್ಕ ನೋಡಿ. 2022ರಲ್ಲಿ ಪ್ರಪಂಚದಾದ್ಯಂತ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಗಿದೆ. ಅದರಲ್ಲಿ ಶೇ 60ರಷ್ಟು ಮನೆಗಳದ್ದೇ.

ಹಾಗಾಗಿ ಎರಡು ವಾರ ಮೊದಲೇ ಎಲ್ಲರಿಗೂ ಮೆಸೇಜ್ ಕಳಿಸಿ. ಕಾಗದದ ಆಮಂತ್ರಣ ಬೇಡ. ಎಷ್ಟು ಜನ ಬರುತ್ತೀರಿ, ಚಿಕ್ಕ ಮಕ್ಕಳಿದ್ದರೆ ವಯಸ್ಸೆಷ್ಟು, ಯಾರಿಗಾದರೂ ಯಾವುದಾದರೂ ಆಹಾರ ಆಗಿಬರುವುದಿಲ್ಲವಾ ಅಂತ ಅದರಲ್ಲೇ ಕೇಳಿ. ಉತ್ತರ ಕೊಡದವರಿಗೆ ಫೋನ್ ಮಾಡಿ. ಸಂಕೋಚ ಬೇಡ. 'ಬರಬಹುದು' ಅನ್ನುವ ಹತ್ತು ಜನರಿಗೆ ಅಂತ ಮಾಡಿದ ಊಟವೇ ಕೊನೆಗೆ ಉಳಿಯುವುದು. ಒಂದೇ ದಿಕ್ಕಿನಿಂದ ಬರುವವರು ಒಟ್ಟಿಗೆ ಬನ್ನಿ ಅಂತಲೂ ಹೇಳಿ. ಉಡುಗೊರೆ ಬೇಡವಾದರೆ ಅದನ್ನೂ ಈಗಲೇ ನೇರವಾಗಿ ತಿಳಿಸಿ. ಬಂದ ಮೇಲೆ ಹೇಳಿದರೆ ಇಬ್ಬರಿಗೂ ಮುಜುಗರ.

2. ತಟ್ಟೆ, ಲೋಟ, ಚಮಚ

ಜಾಸ್ತಿ ಯೋಚನೆ ಬೇಕಾಗಿರುವುದು ಇಲ್ಲೇ. ಬಿಸಿ ಊಟ, ಎಣ್ಣೆ, ಹುಳಿ ಎಲ್ಲವೂ ತಟ್ಟೆಗೆ ತಾಗುತ್ತವೆ. ತಟ್ಟೆಯಲ್ಲಿರುವ ರಾಸಾಯನಿಕ ಊಟಕ್ಕೆ ಇಳಿಯಲು ಮುಖ್ಯ ಕಾರಣಗಳೂ ಈ ಮೂರೇ.

ಸ್ಟೀಲ್, ಗಾಜು, ಪಿಂಗಾಣಿ ಇವೇ ಮೊದಲ ಆಯ್ಕೆ. ಮನೆಯಲ್ಲಿ ಸಾಲದಿದ್ದರೆ ಅಕ್ಕಪಕ್ಕದವರನ್ನು ಕೇಳಿ, ಇಲ್ಲವೇ ಬಾಡಿಗೆಗೆ ತನ್ನಿ. ಎಲ್ಲ ತಟ್ಟೆ ಒಂದೇ ತರಹ ಇರಬೇಕು ಅನ್ನುವ ಹಟ ಬಿಟ್ಟರೆ ಅರ್ಧ ಸಮಸ್ಯೆ ಮುಗಿಯಿತು. ಒಂದು ಪಾರ್ಟಿಗೋಸ್ಕರ ಮೂವತ್ತು ಹೊಸ ಸ್ಟೀಲ್ ತಟ್ಟೆ ಕೊಳ್ಳುವುದನ್ನು ನಾನು ಪರಿಸರಸ್ನೇಹಿ ಅನ್ನಲಾರೆ. ಆ ತಟ್ಟೆಗಳು ಮುಂದೆ ಎಷ್ಟೋ ಸಲ ಬಳಕೆಗೆ ಬಂದರೆ ಮಾತ್ರ ಅದಕ್ಕೆ ಅರ್ಥ. ಎರವಲು ತಂದ ಪಾತ್ರೆಗಳ ತಳಕ್ಕೆ ಬಣ್ಣದ ಟೇಪಿನ ಚೂರು ಅಂಟಿಸಿ. ಯಾರದ್ದು ಯಾವುದು ಅಂತ ವಾಪಸ್ ಕೊಡುವಾಗ ಗೊಂದಲ ಇರುವುದಿಲ್ಲ.

ಲೋಟ ಯಾವಾಗಲೂ ಜನಕ್ಕಿಂತ ಹೆಚ್ಚು ಖರ್ಚಾಗುತ್ತದೆ. ಒಂದು ಕಡೆ ಇಟ್ಟವರು ಮತ್ತೆ ಹೊಸದು ತೆಗೆದುಕೊಳ್ಳುತ್ತಾರೆ. ಪ್ರತಿ ಲೋಟಕ್ಕೂ ಬೇರೆ ಬೇರೆ ಬಣ್ಣದ ದಾರ ಕಟ್ಟಿ, 'ನಿಮ್ಮ ಬಣ್ಣ ನೆನಪಿಟ್ಟುಕೊಳ್ಳಿ' ಅಂತ ಹೇಳಿ. ಮಕ್ಕಳಿಗೆ ಇದು ಆಟದ ಹಾಗೆ ಖುಷಿ ಕೊಡುತ್ತದೆ.

ಮನೆಯ ಪಾತ್ರೆಗಳಲ್ಲೂ ಕೆಲವನ್ನು ಪಕ್ಕಕ್ಕಿಡಬೇಕು. ಒಳಭಾಗದಲ್ಲಿ ಬಣ್ಣದ ಚಿತ್ತಾರ ಇದ್ದು, ಹೊಳಪು ಬಿರುಕು ಬಿಟ್ಟಿರುವ ಹಳೆಯ ಪಿಂಗಾಣಿಯಲ್ಲಿ ಸೀಸ ಇರುವ ಸಾಧ್ಯತೆ ಇದೆ. ಅದು ಅಲಂಕಾರಕ್ಕೆ ಇರಲಿ, ಊಟಕ್ಕೆ ಬೇಡ. ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆಗಳಲ್ಲಿ ನಿಂಬೆರಸ, ಹಣ್ಣಿನ ರಸ ಹಾಕಿಡಬೇಡಿ. ಹುಳಿಗೆ ತಾಮ್ರ ಕರಗಿ ರಸಕ್ಕೆ ಇಳಿಯುತ್ತದೆ, ಕುಡಿದವರಿಗೆ ವಾಂತಿ ಆಗಬಹುದು. ಮೆಲಮೈನ್ ಅಂದರೆ ಪಿಂಗಾಣಿಯ ಹಾಗೆ ಕಾಣುವ ಗಟ್ಟಿ ಪ್ಲಾಸ್ಟಿಕ್. ಅದರ ತಟ್ಟೆ ತಣ್ಣಗಿನ ತಿಂಡಿಗೆ ಪರವಾಗಿಲ್ಲ. 70 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದದ್ದನ್ನು ಹಾಕಿದರೆ ಅದರಿಂದ ಮೆಲಮೈನ್, ಫಾರ್ಮಾಲ್ಡಿಹೈಡ್ ಎರಡೂ ರಾಸಾಯನಿಕಗಳು ಹೊರಬರುವ ಪ್ರಮಾಣ ಹೆಚ್ಚುತ್ತದೆ. ಮೈಕ್ರೋವೇವಿನಲ್ಲಂತೂ ಅದನ್ನು ಇಡಲೇಬಾರದು.

ಬಳಸಿ ಎಸೆಯುವ ತಟ್ಟೆ ಇಲ್ಲದೆ ಆಗುವುದೇ ಇಲ್ಲ ಅನ್ನುವ ಸಂದರ್ಭವೂ ಬರುತ್ತದೆ. ಆಗ ಪ್ಯಾಕೆಟ್ಟಿನ ಹಿಂಭಾಗದ ಸಣ್ಣ ಅಕ್ಷರ ಓದಿ.

'ಬಿದಿರಿನ ನಾರು' ಅಂತ ಮಾರುವ ಗಟ್ಟಿಯಾದ, ನುಣ್ಣಗಿನ, ಬಣ್ಣಬಣ್ಣದ ತಟ್ಟೆ ಲೋಟಗಳಲ್ಲಿ ಅನೇಕವು ಬಿದಿರಿನ ಪುಡಿ ಬೆರೆಸಿದ ಮೆಲಮೈನ್ ಪ್ಲಾಸ್ಟಿಕ್. ಯುರೋಪ್ ಒಕ್ಕೂಟ 2021ರಲ್ಲಿ ಇಂಥವುಗಳ ಮಾರಾಟ ತಡೆಯಲು ವಿಶೇಷ ಕಾರ್ಯಾಚರಣೆಯನ್ನೇ ಶುರು ಮಾಡಿತು. ಕಣ್ಣಿಗೆ ಮರದ ಎಳೆ ಕಾಣುವ, ಬಿದಿರಿನ ಹಾಳೆಯನ್ನೇ ಒತ್ತಿ ಮಾಡಿದ ತಟ್ಟೆ ಬೇರೆ, ಇದು ಬೇರೆ.

ಕಾಗದದ ಕಪ್ಪಿನ ಒಳಗೆ ಸಾಮಾನ್ಯವಾಗಿ ಪಾಲಿಥಿನ್ ಪದರ ಇರುತ್ತದೆ. ನೀರು ಸೋರದಿರುವುದು ಅದರಿಂದಲೇ. ಆ ಪದರ ಇರುವುದರಿಂದ ಅದು ಹಳೇ ಪೇಪರಿನ ಜೊತೆ ಮರುಬಳಕೆಗೂ ಸುಲಭವಾಗಿ ಹೋಗುವುದಿಲ್ಲ, ಗೊಬ್ಬರವೂ ಆಗುವುದಿಲ್ಲ. ಎಣ್ಣೆ ಇಂಗದ ಕಾಗದ, ಕಬ್ಬಿನ ಸಿಪ್ಪೆಯಿಂದ ಅಚ್ಚು ಹಾಕಿದ ತಟ್ಟೆ ಕೊಳ್ಳುವಾಗ 'ಪಿಎಫ್‌ಎಎಸ್ ಇಲ್ಲ' ಅಂತ ಬರೆದಿದೆಯಾ ನೋಡಿ. ಪಿಎಫ್‌ಎಎಸ್ ಅಂದರೆ ಪರಿಸರದಲ್ಲಿ ಹೆಚ್ಚುಕಡಿಮೆ ಕರಗದೇ ಉಳಿಯುವ ರಾಸಾಯನಿಕಗಳು. ಎಣ್ಣೆ ತಡೆಯಲಿ ಅಂತ ಆಹಾರದ ಕಾಗದಕ್ಕೆ ಇವನ್ನು ಬಹುಕಾಲ ಹಚ್ಚುತ್ತಿದ್ದರು.

ಜೋಳದ ಪಿಷ್ಟದಿಂದ ಮಾಡುವ ಪಿಎಲ್‌ಎ ಕಪ್ಪು ಮಣ್ಣಲ್ಲಿ ಹೂತರೆ ಕರಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಅದು ಕರಗಲು 60 ಡಿಗ್ರಿ ಸೆಲ್ಸಿಯಸ್ ಹತ್ತಿರದ ಬಿಸಿ ಬೇಕು. ಅಷ್ಟು ಬಿಸಿ ವಾರಗಟ್ಟಲೆ ಇರುವುದು ದೊಡ್ಡ ಗೊಬ್ಬರ ಘಟಕಗಳಲ್ಲಿ, ಹಿತ್ತಲ ಗುಂಡಿಯಲ್ಲಲ್ಲ. ನಿಮ್ಮ ಊರಲ್ಲಿ ಅಂಥ ಘಟಕ ಇಲ್ಲದಿದ್ದರೆ ಪಿಎಲ್‌ಎ ಕೂಡ ಪ್ಲಾಸ್ಟಿಕ್ ಕಸವೇ. ಏನೂ ಲೇಪನ ಇಲ್ಲದ ಎಲೆಯ ತಟ್ಟೆ, ಮರದ ಚಮಚ ಇವು ವಾಸಿ.

ಪ್ಲಾಸ್ಟಿಕ್ ಡಬ್ಬಿಯ ತಳದಲ್ಲಿ ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ. 3 ಅಂದರೆ ಪಿವಿಸಿ, 6 ಅಂದರೆ ಪಾಲಿಸ್ಟೈರೀನ್, ಅಂದರೆ ಥರ್ಮೋಕೋಲ್ ಜಾತಿ. ಈ ಎರಡನ್ನೂ ಊಟದ ಹತ್ತಿರ ತರಬೇಡಿ. 7ರಲ್ಲಿ ಹಲವು ತರಹದ ಪ್ಲಾಸ್ಟಿಕ್ ಸೇರಿವೆ, ಹಾರ್ಮೋನುಗಳಿಗೆ ಅಡ್ಡಿ ಮಾಡುವ ಬಿಪಿಎ ಅನ್ನುವ ರಾಸಾಯನಿಕ ಇರುವ ಪಾಲಿಕಾರ್ಬೊನೇಟ್ ಕೂಡ ಅದರಲ್ಲೇ ಬರುತ್ತದೆ. ತಣ್ಣಗಿನ ತಿಂಡಿ ತುಂಬಿಡಲು 5ನೇ ಅಂಕಿಯ ಡಬ್ಬಿ ಸಾಕು.

ಚಮಚದ ಲೆಕ್ಕ ಸುಲಭ. ಕೈಯಲ್ಲಿ ಹಿಡಿದು ತಿನ್ನುವ ತಿಂಡಿಗಳನ್ನೇ ಆರಿಸಿ. ಆಗ ಚಮಚವೇ ಬೇಕಾಗುವುದಿಲ್ಲ.

3. ಅಲಂಕಾರ

ಬಲೂನಿಲ್ಲದ ಪಾರ್ಟಿ ಪಾರ್ಟಿಯೇ ಅಲ್ಲ ಅಂತ ಮಕ್ಕಳು ಹಟ ಹಿಡಿಯಬಹುದು. ಆದರೂ ನನ್ನ ಸಲಹೆ, ಬಲೂನು ಬಿಟ್ಟುಬಿಡಿ. ಹೊಳೆಯುವ ಫಾಯಿಲ್ ಬಲೂನು ಕೊಳೆಯುವುದೇ ಇಲ್ಲ. ರಬ್ಬರ್ ಬಲೂನು 'ಮಣ್ಣಲ್ಲಿ ಕರಗುತ್ತದೆ' ಅಂತ ಬರೆದಿದ್ದರೂ ಅದಕ್ಕೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕು. ಅಷ್ಟರಲ್ಲಿ ಅದು ಯಾವುದೋ ಪ್ರಾಣಿಯ ಹೊಟ್ಟೆ ಸೇರಿರುತ್ತದೆ. ಆಸ್ಟ್ರೇಲಿಯಾದ ಸಂಶೋಧಕರು 1,700ಕ್ಕೂ ಹೆಚ್ಚು ಸತ್ತ ಕಡಲಹಕ್ಕಿಗಳನ್ನು ಪರೀಕ್ಷಿಸಿ 2019ರಲ್ಲಿ ವರದಿ ಪ್ರಕಟಿಸಿದರು. ಗಟ್ಟಿ ಪ್ಲಾಸ್ಟಿಕ್ ಚೂರು ನುಂಗಿದ ಹಕ್ಕಿಗಿಂತ ಬಲೂನಿನ ಚೂರು ನುಂಗಿದ ಹಕ್ಕಿ ಸಾಯುವ ಸಾಧ್ಯತೆ 32 ಪಟ್ಟು ಜಾಸ್ತಿ ಅಂತ ಅವರಿಗೆ ಕಂಡುಬಂತು. ರಬ್ಬರ್ ಮೆತ್ತಗಿರುವುದರಿಂದ ಅದು ಹೊಟ್ಟೆಯ ದಾರಿಯಲ್ಲಿ ಅಂಟಿಕೊಂಡು ಕಟ್ಟಿಬಿಡುತ್ತದೆ. ಒಡೆದ ಬಲೂನು ಚಿಕ್ಕ ಮಕ್ಕಳ ಗಂಟಲಿಗೂ ಅಷ್ಟೇ ಅಪಾಯ. ಎಂಟು ವರ್ಷದೊಳಗಿನ ಮಕ್ಕಳ ಕೈಗೆ ಊದದ ಬಲೂನನ್ನಾಗಲಿ, ಒಡೆದ ಚೂರನ್ನಾಗಲಿ ಕೊಡಬಾರದು. ಗಾಳಿಗೆ ಹಾರಿಬಿಡುವುದಂತೂ ಬೇಡವೇ ಬೇಡ. ಕೆಲವು ಕಡೆ ಗ್ಯಾಸ್ ಬಲೂನಿಗೆ ಹೈಡ್ರೋಜನ್ ತುಂಬುತ್ತಾರೆ. ಮೇಣದಬತ್ತಿಯ ಕಿಡಿ ತಾಗಿದರೆ ಅದು ಉರಿದು ಸಿಡಿಯುತ್ತದೆ.

ಮಿನುಗುವ ಗ್ಲಿಟ್ಟರ್ ಅಂದರೆ ಲೋಹದ ಲೇಪನ ಇರುವ ಪ್ಲಾಸ್ಟಿಕ್ ಪುಡಿ. ಒಮ್ಮೆ ನೆಲಕ್ಕೆ ಬಿದ್ದರೆ ಅದನ್ನು ಪೂರ್ತಿ ಗುಡಿಸಲು ಸಾಧ್ಯವೇ ಇಲ್ಲ. ನೆಲ ಒರೆಸಿದ ನೀರಿನ ಜೊತೆ ಚರಂಡಿಗೆ ಹೋಗುತ್ತದೆ. ಬಿಡಿಯಾಗಿ ಉದುರಿಸುವ ಪ್ಲಾಸ್ಟಿಕ್ ಗ್ಲಿಟ್ಟರ್ ಮಾರಾಟವನ್ನು ಯುರೋಪ್ ಒಕ್ಕೂಟ 2023ರ ಅಕ್ಟೋಬರ್‌ನಲ್ಲಿ ನಿಲ್ಲಿಸಿದ್ದು ಇದಕ್ಕೇ.

ಬಿಡಿಸಿದ ಕೂಡಲೇ ಮೂಗಿಗೆ ಹೊಡೆಯುವ ಪ್ಲಾಸ್ಟಿಕ್ ವಾಸನೆ ಬರುವ ಬ್ಯಾನರ್, ಮೇಜಿನ ಹೊದಿಕೆ ಬಹಳ ಸಲ ಪಿವಿಸಿ ಆಗಿರುತ್ತವೆ. ಅದನ್ನು ಮೆತ್ತಗೆ ಮಾಡಲು ಥಾಲೇಟ್‌ಗಳನ್ನು ಬೆರೆಸುತ್ತಾರೆ. ಇವುಗಳಲ್ಲಿ ಕೆಲವು ದೇಹದ ಹಾರ್ಮೋನುಗಳ ಕೆಲಸಕ್ಕೆ ಅಡ್ಡಿ ಮಾಡುತ್ತವೆ.

ಹಾಗಾದರೆ ಏನು ಹಾಕಬೇಕು? ಮನೆಯಲ್ಲಿರುವ ಬಣ್ಣದ ಬಟ್ಟೆಗಳನ್ನು ಉದ್ದಕ್ಕೆ ಇಳಿಬಿಡಿ. ಹಳೇ ಬಟ್ಟೆಯ ತ್ರಿಕೋನಗಳನ್ನು ದಾರಕ್ಕೆ ಹೊಲಿದರೆ ವರ್ಷಗಟ್ಟಲೆ ಬರುವ ತೋರಣ ಆಯಿತು. ಅದರ ಮೇಲೆ ಹೆಸರು, ವಯಸ್ಸು ಬರೆಯಬೇಡಿ, ಪ್ರತಿ ಪಾರ್ಟಿಗೂ ಬಳಸಬಹುದು. ಹೂವಿನ ಗುಚ್ಛದ ಬದಲು ಕುಂಡದ ಗಿಡಗಳನ್ನೇ ಮೇಜಿನ ಮೇಲಿಡಿ. ಎಲ್‌ಇಡಿ ಸರದ ದೀಪ ಇದ್ದರೆ ಸಂಜೆಯ ಪಾರ್ಟಿಗೆ ಬೇರೇನೂ ಬೇಡ.

ಎರಚುವುದಕ್ಕೆ ಬಣ್ಣದ ಚೂರುಗಳು ಬೇಕಾ? ಉದುರಿದ ಎಲೆಗಳನ್ನು ತನ್ನಿ. ಹಳದಿ, ಕೆಂಪು, ಕಂದು ಬಣ್ಣದವು ಚೆನ್ನ. ಪೂರ್ತಿ ಒಣಗಿ ಗರಿಗರಿಯಾದವು ಪುಡಿಯಾಗುತ್ತವೆ, ಹಾಗಾಗಿ ಸ್ವಲ್ಪ ಮೆದು ಇರುವಾಗಲೇ ಪೇಪರ್ ಪಂಚ್‌ನಲ್ಲಿ ತೂತು ಹೊಡೆಯಿರಿ. ಕೆಳಗೆ ಬೀಳುವ ದುಂಡು ಬಿಲ್ಲೆಗಳನ್ನು ಒಂದು ದಿನ ಪೇಪರಿನ ಮೇಲೆ ಹರಡಿ ಒಣಗಿಸಿ ಡಬ್ಬಿಗೆ ಹಾಕಿಡಿ. ಮಕ್ಕಳಿಗೆ ಈ ಕೆಲಸ ಬಲು ಇಷ್ಟ. ಎರಚಿದ ಮೇಲೆ ಗುಡಿಸಿ ಗಿಡದ ಬುಡಕ್ಕೆ ಹಾಕಿದರಾಯಿತು.

ಬೆಂಕಿಯ ಬಗ್ಗೆ ಒಂದು ಎಚ್ಚರಿಕೆ. ಕೇಕ್ ಕತ್ತರಿಸುವಾಗ ನೊರೆ ಸ್ಪ್ರೇ, ಹಿಮದ ಸ್ಪ್ರೇ ಹೊಡೆಯುವ ಅಭ್ಯಾಸ ಅನೇಕರಿಗಿದೆ. ಆ ಡಬ್ಬಿಯೊಳಗೆ ಒತ್ತಡ ಕೊಡುವ ಅನಿಲ ಬಹುತೇಕ ಬೆಂಕಿ ಹಿಡಿಯುವಂಥದ್ದು. ಉರಿಯುವ ಮೇಣದಬತ್ತಿಯ ಹತ್ತಿರ ಸ್ಪ್ರೇ ಹೊಡೆದರೆ ಮುಖ, ಕೂದಲು ಸುಡುತ್ತವೆ. ದಯವಿಟ್ಟು ಮನೆಗೆ ತರಲೇಬೇಡಿ. ಘಾಟು ವಾಸನೆಯ ಮೇಣದಬತ್ತಿ, ರೂಮ್ ಫ್ರೆಶ್ನರ್ ಕೂಡ ಬೇಡ. ಕಿಟಕಿ ತೆರೆದಿಡಿ.

4. ಸಾವಯವ ತಿಂಡಿ: ಎಲ್ಲಿ ಬೇಕು, ಎಲ್ಲಿ ಬೇಡ

ಎಲ್ಲವನ್ನೂ ಸಾವಯವವೇ ತರಬೇಕು ಅಂತ ಹೊರಟರೆ ಕೈ ಕಚ್ಚುತ್ತದೆ. ಸಿಪ್ಪೆ ಸಮೇತ ತಿನ್ನುವ ಹಣ್ಣುಗಳಿಗೆ ಮೊದಲ ಆದ್ಯತೆ ಕೊಡಿ. ಸ್ಟ್ರಾಬೆರಿ, ದ್ರಾಕ್ಷಿ, ಸೇಬು ಈ ಸಾಲಿನವು. ದಪ್ಪ ಸಿಪ್ಪೆ ತೆಗೆದು ತಿನ್ನುವ ಬಾಳೆಹಣ್ಣು, ಅನಾನಸ್, ಕಲ್ಲಂಗಡಿ ಮಾಮೂಲಿಯದೇ ನಡೆಯುತ್ತದೆ.

ಪ್ಯಾಕೆಟ್ ತಿಂಡಿ ಕೊಳ್ಳುವಾಗ 'ನೈಸರ್ಗಿಕ' ಅನ್ನುವ ಮಾತಿಗೆ ಮರುಳಾಗಬೇಡಿ. ಸರ್ಕಾರಿ ನಿಯಮದ ಸಾವಯವ ಮುದ್ರೆ ನೋಡಿ. ಅಮೆರಿಕದ ಕೃಷಿ ಇಲಾಖೆಯ ಮುದ್ರೆ, ಯುರೋಪಿನ ಹಸಿರು ಎಲೆಯ ಮುದ್ರೆ ಎರಡಕ್ಕೂ ಒಳಗಿನ ಪದಾರ್ಥ ಕನಿಷ್ಠ ಶೇ 95 ಸಾವಯವ ಆಗಿರಬೇಕು. ಆದರೆ ಸಾವಯವ ಸಕ್ಕರೆಯೂ ಸಕ್ಕರೆಯೇ. ಅದರ ಬಿಸ್ಕತ್ತು ಜಾಸ್ತಿ ತಿಂದರೆ ಹಲ್ಲು ಹಾಳಾಗುವುದು ತಪ್ಪುವುದಿಲ್ಲ.

ಸಾವಯವ ಬೆಳೆಗೂ ಕೆಲವು ಕೀಟನಾಶಕ ಹೊಡೆಯಲು ಅನುಮತಿ ಇದೆ, ಹಾಗಾಗಿ ಎಲ್ಲವನ್ನೂ ತೊಳೆಯಲೇಬೇಕು. ಹರಿಯುವ ನೀರಲ್ಲಿ ಕೈಯಿಂದ ಉಜ್ಜಿ ತೊಳೆಯುವುದು ಸಾಮಾನ್ಯ ಕ್ರಮ. ಸೇಬಿನಂಥ ಗಟ್ಟಿ ಹಣ್ಣಿಗೆ ಇನ್ನೊಂದು ದಾರಿ ಇದೆ. ಒಂದು ಲೀಟರ್ ನೀರಿಗೆ 10 ಗ್ರಾಂ ಅಡುಗೆ ಸೋಡಾ ಕರಗಿಸಿ, ಅದರಲ್ಲಿ 15 ನಿಮಿಷ ನೆನೆಸಿ, ಮತ್ತೆ ಚೆನ್ನಾಗಿ ತೊಳೆಯಿರಿ. ಸೇಬಿನ ಸಿಪ್ಪೆಯ ಮೇಲಿದ್ದ ಒಂದು ಕೀಟನಾಶಕ, ಒಂದು ಶಿಲೀಂಧ್ರನಾಶಕದ ಮೇಲೆ ಅಮೆರಿಕದ ಸಂಶೋಧಕರು 2017ರಲ್ಲಿ ನಡೆಸಿದ ಪ್ರಯೋಗದಲ್ಲಿ ಬರೀ ನೀರಿಗಿಂತ ಇದು ಚೆನ್ನಾಗಿ ಕೆಲಸ ಮಾಡಿತು. ಹಣ್ಣಿನ ಒಳಗೆ ಇಳಿದದ್ದು ಮಾತ್ರ ಹೋಗುವುದಿಲ್ಲ. ಸೋಪು ಬೇಡ, ಹಣ್ಣು ಅದನ್ನು ಹೀರಿಕೊಳ್ಳುತ್ತದೆ.

ಈಗ ಕೇಕಿನ ಬಣ್ಣ. ಬ್ರಿಟನ್ನಿನ ಸೌತಾಂಪ್ಟನ್‌ನಲ್ಲಿ 2007ರಲ್ಲಿ ನಡೆದ ಅಧ್ಯಯನವೊಂದರಲ್ಲಿ ಕೆಲವು ಕೃತಕ ಬಣ್ಣಗಳ ಮಿಶ್ರಣ ಕುಡಿದ ಮಕ್ಕಳಲ್ಲಿ ಚಡಪಡಿಕೆ ಸ್ವಲ್ಪ ಹೆಚ್ಚಾದದ್ದು ಕಂಡುಬಂತು. 2010ರಿಂದ ಯುರೋಪಿನಲ್ಲಿ ಅಂಥ ಆರು ಬಣ್ಣಗಳಿರುವ ತಿಂಡಿಯ ಮೇಲೆ ಎಚ್ಚರಿಕೆ ಬರೆಯಬೇಕು. ಬಣ್ಣ ಮನೆಯಲ್ಲೇ ಮಾಡಿಕೊಂಡರೆ ಈ ತಲೆನೋವೇ ಇಲ್ಲ.

ನೀಲಿ ಬಣ್ಣ ಮಾಡುವುದು ಕಷ್ಟ ಅಂತಾರೆ, ಆದರೆ ನೋಡಲು ಅದೇ ಚೆಂದ. ಕಾಲು ಭಾಗ ನೇರಳೆ ಎಲೆಕೋಸನ್ನು ಸಣ್ಣಗೆ ಹೆಚ್ಚಿ, ಮುಳುಗುವಷ್ಟು ನೀರಲ್ಲಿ 15 ನಿಮಿಷ ಕುದಿಸಿ ಸೋಸಿ. ಆ ರಸವನ್ನು ಸಣ್ಣ ಉರಿಯಲ್ಲಿಟ್ಟು ಮೂರು ನಾಲ್ಕು ಚಮಚ ಉಳಿಯುವವರೆಗೆ ಇಂಗಿಸಿ, ಪೂರ್ತಿ ಆರಿಸಿ. ಈಗದು ಗಾಢ ನೇರಳೆ. ಚಾಕುವಿನ ತುದಿಯಲ್ಲಿ ಒಂದಿಷ್ಟೇ ಅಡುಗೆ ಸೋಡಾ ತೆಗೆದುಕೊಂಡು ಬೆರೆಸಿ. ಕಣ್ಣೆದುರೇ ನೇರಳೆ ಹೋಗಿ ನೀಲಿ ಬರುತ್ತದೆ. ಸೋಡಾ ಜಾಸ್ತಿಯಾದರೆ ಹಸಿರಿಗೆ ತಿರುಗುತ್ತದೆ, ರುಚಿಯೂ ಕೆಡುತ್ತದೆ. ಸೋಡಾದ ಬದಲು ಎರಡು ಹನಿ ನಿಂಬೆರಸ ಹಾಕಿದರೆ ಅದೇ ರಸ ಗುಲಾಬಿ ಬಣ್ಣಕ್ಕೆ ಬರುತ್ತದೆ. ಇದನ್ನು ಬೆಣ್ಣೆ, ಸಕ್ಕರೆ ಪುಡಿಯ ಐಸಿಂಗಿಗೆ ಹನಿಹನಿಯಾಗಿ ಸೇರಿಸಿ. ಹುಳಿ ಇರುವ ಕ್ರೀಮ್ ಚೀಸ್ ಐಸಿಂಗಿಗೆ ಹಾಕಿದರೆ ನೀಲಿ ಉಳಿಯುವುದಿಲ್ಲ.

ಬೀಟ್‌ರೂಟ್ ರಸ ಐಸಿಂಗಿಗೆ ಚೆನ್ನ. ಓವನ್ನಿಗೆ ಹೋಗುವ ಹಿಟ್ಟಿಗೆ ಹಾಕಿದರೆ ಬಿಸಿಗೆ ಕಂದು ಬಣ್ಣ ಆಗುತ್ತದೆ. ಅರಿಸಿನವನ್ನು ಸೋಡಾ ಹೆಚ್ಚಿರುವ ಹಿಟ್ಟಿಗೆ ಹಾಕಿದರೆ ಕೆಂಪು ಚುಕ್ಕೆ ಬೀಳುತ್ತದೆ. ಹಸಿರಿಗೆ ಪಾಲಕ್ ಸೊಪ್ಪಿನ ರಸ ಸಾಕು.

ಕೇಕಿನ ಮೇಲೆ ಹಚ್ಚುವ ಹೊಳೆಯುವ ಪುಡಿಯ ಬಗ್ಗೆ ತುಂಬಾ ಹುಷಾರು. 2018ರಲ್ಲಿ ಅಮೆರಿಕದ ರೋಡ್ ಐಲೆಂಡ್‌ನಲ್ಲಿ ಒಂದು ಹುಟ್ಟುಹಬ್ಬದ ಕೇಕ್ ತಿಂದು ಆರು ಮಕ್ಕಳು ಕಾಯಿಲೆ ಬಿದ್ದರು. ಕೇಕಿನ ಮೇಲಿನ ಪುಡಿಯಲ್ಲಿ ತಾಮ್ರ ತುಂಬಿತ್ತು. 'ವಿಷಕಾರಿ ಅಲ್ಲ' ಅಂತ ಬರೆದಿದ್ದರೆ ತಿನ್ನಬಹುದು ಅಂತ ಅರ್ಥವಲ್ಲ. 'ತಿನ್ನಲು ಯೋಗ್ಯ' ಅಂತ ಸ್ಪಷ್ಟವಾಗಿ ಬರೆದಿರಬೇಕು, ಒಳಗೇನಿದೆ ಅನ್ನುವ ಪಟ್ಟಿಯೂ ಇರಬೇಕು. ಹೂವಿನ ಅಂಗಡಿಯ ಹೂವನ್ನೂ ಕೇಕಿನ ಮೇಲೆ ಇಡಬೇಡಿ, ಅದಕ್ಕೆ ಔಷಧಿ ಹೊಡೆದಿರುತ್ತಾರೆ.

ಚಿಕ್ಕ ಮಕ್ಕಳು ಬರುವುದಾದರೆ ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ. ಇಡೀ ದ್ರಾಕ್ಷಿ ಗಂಟಲಿಗೆ ಬಿರಡೆಯ ಹಾಗೆ ಕೂತುಬಿಡುತ್ತದೆ. ನಾಲ್ಕು ವರ್ಷದೊಳಗಿನವರಿಗೆ ಪಾಪ್‌ಕಾರ್ನ್, ಇಡೀ ಬಾದಾಮಿ, ಕಡಲೆಕಾಯಿ ಕೊಡಬೇಡಿ. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ಬೇಡ, ಬೆರಳಲ್ಲಿ ನೆಕ್ಕಿಸುವುದೂ ಬೇಡ.

5. ಆಟ, ಉಡುಗೊರೆ

ಮುಖಕ್ಕೆ ಬಣ್ಣ ಬಳಿಯುವುದಾದರೆ ಚರ್ಮಕ್ಕೇ ಅಂತ ಮಾಡಿದ ಬಣ್ಣ ತನ್ನಿ. ಚಿತ್ರ ಬಿಡಿಸುವ ಬಣ್ಣ ಬೇಡ. ಎರಡು ದಿನ ಮೊದಲು ಮೊಣಕೈ ಒಳಭಾಗದಲ್ಲಿ ಸ್ವಲ್ಪ ಹಚ್ಚಿ, ತುರಿಕೆ ಬರುತ್ತದಾ ನೋಡಿ.

ಬಂದ ಮಕ್ಕಳಿಗೆ ಏನಾದರೂ ಕೊಟ್ಟು ಕಳಿಸಬೇಕು ಅಂತಿದ್ದರೆ ಹತ್ತು ಸಣ್ಣ ಪ್ಲಾಸ್ಟಿಕ್ ಆಟಿಕೆಗಳ ಬದಲು ಒಂದೇ ಒಂದು ವಸ್ತು ಕೊಡಿ. ಪುಸ್ತಕ, ಬಣ್ಣದ ಪೆನ್ಸಿಲ್, ಮಕ್ಕಳೇ ಪಾರ್ಟಿಯಲ್ಲಿ ಮಣ್ಣು ತುಂಬಿ ಬೀಜ ಊರಿದ ಕುಂಡ ಯಾವುದಾದರೂ ಆದೀತು. ಮಿನುಗುವ ಆಟಿಕೆಗಳಲ್ಲಿ ಬಟನ್ ಬ್ಯಾಟರಿ ಇರುತ್ತದೆ. ಮಗು ಅದನ್ನು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯವಾಗುತ್ತದೆ. ಅಂಥ ಆಟಿಕೆ ಕೊಡಲೇಬೇಡಿ. ಕತ್ತಲಲ್ಲಿ ಹೊಳೆಯುವ ಕಡ್ಡಿಗಳನ್ನೂ ಮಕ್ಕಳು ಕಚ್ಚಿ ಒಡೆಯುತ್ತಾರೆ. ಒಳಗಿನ ದ್ರವ ಬಾಯಿ, ಕಣ್ಣು ಉರಿಸುತ್ತದೆ.

ಬಂದ ಉಡುಗೊರೆಗಳ ಸುತ್ತುಕಾಗದ ಮರುಬಳಕೆಗೆ ಹೋಗುತ್ತದಾ ಅಂತ ತಿಳಿಯಲು ಅದನ್ನು ಮುಷ್ಟಿಯಲ್ಲಿ ಮುದುಡಿ ಬಿಡಿ. ಮುದುಡಿದ ಹಾಗೇ ಉಳಿದರೆ ಕಾಗದ, ಪೇಪರಿನ ಜೊತೆ ಹಾಕಿ. ಮತ್ತೆ ಬಿಡಿಸಿಕೊಂಡು ಅರಳಿದರೆ ಅದರಲ್ಲಿ ಪ್ಲಾಸ್ಟಿಕ್ ಇದೆ.

6. ಪಾರ್ಟಿಯ ದಿನ

ಕಸದ ಡಬ್ಬಿಗಳನ್ನು ಒಂದೇ ಜಾಗದಲ್ಲಿ ಸಾಲಾಗಿ ಇಡಿ. ಒಂದೊಂದು ಮೂಲೆಯಲ್ಲಿ ಒಂದೊಂದು ಇಟ್ಟರೆ ಜನ ಹತ್ತಿರದ್ದಕ್ಕೇ ಎಲ್ಲವನ್ನೂ ಹಾಕುತ್ತಾರೆ. ಊಟದ ಕಸಕ್ಕೆ ಒಂದು, ಮರುಬಳಕೆಗೆ ಒಂದು, ಉಳಿದದ್ದಕ್ಕೆ ಒಂದು ಚಿಕ್ಕದು. ಡಬ್ಬಿಯ ಮೇಲೆ ಬರೀ ಹೆಸರು ಬರೆಯುವುದಕ್ಕಿಂತ ಅವತ್ತು ಬರುವ ಕಸದ ಒಂದೊಂದು ಮಾದರಿಯನ್ನೇ ಅಂಟಿಸಿ. ಪಕ್ಕದಲ್ಲಿ ನೀರು ತುಂಬಿದ ಟಬ್ ಇಟ್ಟು, ಬಳಸಿದ ತಟ್ಟೆ ಅದರಲ್ಲಿ ಹಾಕಲು ಹೇಳಿ. ಒಣಗಿದ ತಟ್ಟೆ ತೊಳೆಯಲು ನೀರೂ ಜಾಸ್ತಿ, ಕೈನೋವೂ ಜಾಸ್ತಿ.

ತಿಂಡಿಯನ್ನು ಒಟ್ಟಿಗೆ ಮೇಜಿಗೆ ತರಬೇಡಿ. ಅರ್ಧ ಇಡಿ, ಖಾಲಿಯಾದ ಮೇಲೆ ಉಳಿದರ್ಧ ತನ್ನಿ. ಬೇಗ ಕೆಡುವ ಊಟ ಹೊರಗೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಇರಬಾರದು. ಸೆಕೆ 32 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ಒಂದೇ ಗಂಟೆ. ಒಳಗೇ ಇದ್ದ ಅರ್ಧ ಉಳಿದರೆ ಅದನ್ನು ನೆಮ್ಮದಿಯಿಂದ ಹಂಚಬಹುದು. ಅದಕ್ಕೆ ಅಂತ ಮನೆಯ ಹಳೇ ಡಬ್ಬಿ, ಗಾಜಿನ ಬಾಟಲಿಗಳನ್ನು ಮೊದಲೇ ತೊಳೆದಿಡಿ. ಕೇಕ್ ತುಂಡು ಚಿಕ್ಕದಾಗಿ ಕತ್ತರಿಸಿ. ಬೇಕಾದವರು ಎರಡನೇ ಸಲ ಕೇಳುತ್ತಾರೆ.

7. ಮಾರನೇ ದಿನ

ಹಣ್ಣಿನ ಸಿಪ್ಪೆ, ಲೇಪನ ಇಲ್ಲದ ಎಲೆ ತಟ್ಟೆಯನ್ನು ಹರಿದು ಗೊಬ್ಬರದ ಗುಂಡಿಗೆ ಹಾಕಿ. ಹಸಿ ಕಸದ ಮೇಲೆ ಒಣ ಎಲೆಯ ಪದರ ಹರಡಿದರೆ ವಾಸನೆ ಬರುವುದಿಲ್ಲ. ಮೇಜು, ನೆಲಕ್ಕೆ ಬಿಸಿನೀರು ಮತ್ತು ಮಾಮೂಲಿ ಸೋಪು ಸಾಕು. ಜಿಡ್ಡಿದ್ದ ಕಡೆ ಅಡುಗೆ ಸೋಡಾ ಉದುರಿಸಿ ಉಜ್ಜಿ. ವಿನೆಗರ್ ಬಳಸುವವರು ಅದನ್ನು ಬ್ಲೀಚ್ ಜೊತೆ ಯಾವತ್ತೂ ಬೆರೆಸಬಾರದು, ವಿಷಕಾರಿ ಕ್ಲೋರಿನ್ ಅನಿಲ ಬರುತ್ತದೆ. ಅಮೋನಿಯಾ ಇರುವ ಕ್ಲೀನರ್ ಜೊತೆಗೂ ಬ್ಲೀಚ್ ಬೆರೆಸಬೇಡಿ.

ತೋರಣ, ದೀಪದ ಸರ, ಲೋಟಕ್ಕೆ ಕಟ್ಟಿದ ದಾರಗಳನ್ನು ಒಂದು ಪೆಟ್ಟಿಗೆಗೆ ಹಾಕಿ. ಎಷ್ಟು ಜನ ಬಂದರು, ಯಾವ ತಿಂಡಿ ಎಷ್ಟು ಉಳಿಯಿತು, ಏನು ಸಾಲದೇ ಹೋಯಿತು ಅಂತ ಒಂದು ಚೀಟಿಯಲ್ಲಿ ಬರೆದು ಅದೇ ಪೆಟ್ಟಿಗೆಯಲ್ಲಿಡಿ. ಮುಂದಿನ ಪಾರ್ಟಿಯ ಪಟ್ಟಿಯನ್ನು ಆ ಚೀಟಿ ನೋಡಿಕೊಂಡೇ ಶುರು ಮಾಡಬಹುದು.